ಮಿಥಿಲೆಯ ಗದ್ದುಗೆ ಏರಿದ ಕರ್ಣಾಟ ಸಾಮಂತ



ನಮ್ಮ ಮಿಯಾಪುರದ ಮೇಲೆ ಹಾದುಹೋಗುವ ಮುಂಬಯಿ ಹೆದ್ದಾರಿ ನಿಮಗೆಲ್ಲ ಗೊತ್ತೇ ಇದೆ. ಬೀದರಿಗೋ ಕಲಬುರಗಿಗೋ ಹೊರಟವರಿಗೆ ಅದೇ ದಾರಿ. ಪಟಾನ್‌ಚೆರು, ಜಹೀರಾಬಾದ್, ಹುಮನಾಬಾದ್ ದಾಟಿದರೆ ಬಸವಕಲ್ಯಾಣ. ಈ ಪಟಾನ್‌ಚೆರುವನ್ನೇ ಚಾಲುಕ್ಯರ ಪೊಟ್ಟಲಕೆರೆ ಎಂದು ಇತಿಹಾಸಕಾರರು ಗುರುತಿಸುತ್ತಾರೆ. ಬಸವಕಲ್ಯಾಣವಂತೂ ಅವರ ರಾಜಧಾನಿಯೇ. 1956ರ ನವೆಂಬರ್ 1ಕ್ಕೆ ರಾಜ್ಯಗಳ ಗಡಿ ಬದಲಾಗುವವರೆಗೂ ಆ ಊರು ಹೈದರಾಬಾದ್ ರಾಜ್ಯದಲ್ಲೇ ಇತ್ತು. ಹೀಗಾಗಿ ಕಲ್ಯಾಣದ ಕಥೆ ಎಂದರೆ ನಮಗೆ ನೆರೆಮನೆಯ ಕಥೆ ಇದ್ದಂತೆ.

ಈ ಸಲ ಹೇಳಹೊರಟಿರುವುದು ಆ ಚಾಲುಕ್ಯರ ಕಾಲದ ಒಬ್ಬ ಸಾಮಂತನ ವಿಷಯ. ಹೆಸರು ನಾನ್ಯದೇವ. ನಮ್ಮ ಶಾಲೆಯ ಪಾಠಗಳಲ್ಲಿ ಪುಲಕೇಶಿ ಬರುತ್ತಾನೆ, ವಿಕ್ರಮಾದಿತ್ಯ ಬರುತ್ತಾನೆ, ಇವನು ಬರುವುದು ಅಪರೂಪ. ಆದರೆ ಬಿ.ಎ. ತರಗತಿಯಲ್ಲಿ ಇಂಗ್ಲಿಷ್ ಓದಿದವರಿಗೆ ನಾರ್ಮಂಡಿಯ ವಿಲಿಯಂನನ್ನು ತಪ್ಪಿಸಿಕೊಳ್ಳಲು ಆಗುವುದಿಲ್ಲ. ಫ್ರಾನ್ಸಿನ ಆ ಡ್ಯೂಕ್ ಇಂಗ್ಲೆಂಡಿನ ಸಿಂಹಾಸನ ತನಗೇ ಸೇರಬೇಕೆಂದು ಹಟ ಹಿಡಿದು, 1066ರಲ್ಲಿ ಕಡಲು ದಾಟಿ ಬಂದು ಗೆದ್ದ. ಅದಾದ 31 ವರ್ಷಕ್ಕೆ, ಅಂದರೆ 1097ರಲ್ಲಿ, ಕರ್ಣಾಟ ಕುಲದ ನಾನ್ಯದೇವ ಮಿಥಿಲೆಯಲ್ಲಿ ಪಟ್ಟವೇರಿದ. ಹೌದು, ಸೀತಾಮಾತೆಯ ತವರಾದ ಅದೇ ಮಿಥಿಲೆ! ಅವನ ರಾಜಧಾನಿ ಸಿಮ್ರೌನ್‌ಗಢ ಈಗ ನೇಪಾಳದ ಬಾರಾ ಜಿಲ್ಲೆಯಲ್ಲಿ, ಬಿಹಾರದ ಗಡಿಗೆ ಅಂಟಿಕೊಂಡಿದೆ.

ಕಲ್ಯಾಣವೆಲ್ಲಿ, ನೇಪಾಳದ ತಪ್ಪಲೆಲ್ಲಿ? ಕರ್ಣಾಟದವರು ಅಷ್ಟು ದೂರ ಹೋದದ್ದು ಹೇಗೆ? ಇತಿಹಾಸಕಾರರು ಎರಡು ದಾರಿ ತೋರಿಸುತ್ತಾರೆ. ಆರನೆಯ ವಿಕ್ರಮಾದಿತ್ಯ ಇನ್ನೂ ರಾಜಕುಮಾರನಾಗಿದ್ದಾಗ ಗೌಡ ಮತ್ತು ಕಾಮರೂಪದವರೆಗೆ, ಅಂದರೆ ಬಂಗಾಳ ಅಸ್ಸಾಮುಗಳವರೆಗೆ, ದಂಡೆತ್ತಿ ಹೋಗಿದ್ದನೆಂದು ಅವನ ಆಸ್ಥಾನಕವಿ ಬಿಲ್ಹಣ ಬರೆದಿದ್ದಾನೆ. ಆ ದಂಡಿನ ಜೊತೆ ಹೋದವರಲ್ಲಿ ಕೆಲವರು ಅಲ್ಲೇ ನೆಲೆ ನಿಂತಿರಬಹುದು. ಇನ್ನೊಂದು ದಾರಿ ನೌಕರಿಯದು. ಬಂಗಾಳದ ಪಾಲ ಅರಸರ ತಾಮ್ರಶಾಸನಗಳಲ್ಲಿ ಅವರ ಸೇವಕರ ಪಟ್ಟಿ ಬರುತ್ತದೆ. ಮಾಳವ, ಹೂಣ, ಲಾಟರ ಜೊತೆ ಅದರಲ್ಲಿ 'ಕರ್ಣಾಟ'ರೂ ಇದ್ದಾರೆ. ಹೊಟ್ಟೆಪಾಡಿಗೆ ಊರು ಬಿಟ್ಟ ಕನ್ನಡಿಗರು ನಾವೇ ಮೊದಲಿಗರಲ್ಲ, ನೋಡಿ.

ನಾನ್ಯದೇವನಿಗೆ ಆ ಗದ್ದುಗೆ ಅಪ್ಪ ಅಜ್ಜಂದಿರಿಂದ ಬಂದದ್ದಲ್ಲ. ಪಾಲರ ಬಲ ಕುಗ್ಗಿದ್ದ ಹೊತ್ತು ನೋಡಿ ತಾನೇ ಸಂಪಾದಿಸಿಕೊಂಡದ್ದು. ಅವನು ಬರೀ ಕತ್ತಿ ಹಿಡಿದವನಲ್ಲ. ಭರತನ ನಾಟ್ಯಶಾಸ್ತ್ರಕ್ಕೆ, ಮುಖ್ಯವಾಗಿ ಅದರ ಸಂಗೀತಭಾಗಕ್ಕೆ, 'ಭರತಭಾಷ್ಯ' ಎಂಬ ವ್ಯಾಖ್ಯಾನ ಬರೆದ ಪಂಡಿತ. ಅದರ ಹಸ್ತಪ್ರತಿ ಪುಣೆಯ ಭಂಡಾರ್ಕರ್ ಸಂಸ್ಥೆಯಲ್ಲಿದೆ. ಆ ಗ್ರಂಥದಲ್ಲಿ ಅವನಿಗೆ ಮಹಾಸಾಮಂತಾಧಿಪತಿ ಎಂಬ ಬಿರುದಿದೆ, ಮಿಥಿಲೇಶ್ವರನೆಂಬ ಹೆಸರೂ ಇದೆ, ಕರ್ಣಾಟಕುಲಭೂಷಣ ಎಂಬ ಹೆಮ್ಮೆಯೂ ಇದೆ. ರಾಜನಾದರೂ ಮೂಲವನ್ನು ಮುಚ್ಚಿಡಲಿಲ್ಲ.

ಇಲ್ಲೊಂದು ತಮಾಷೆಯ ಸಂಗತಿ ಹೇಳಲೇಬೇಕು. ಅದೇ ಕಾಲದಲ್ಲಿ ಪಕ್ಕದ ಬಂಗಾಳದಲ್ಲಿ ಇನ್ನೊಂದು ಮನೆತನ ತಲೆಯೆತ್ತಿತು. ಅವರೇ ಸೇನರು. ಅವರೂ ತಮ್ಮನ್ನು ಕರ್ಣಾಟ ಕ್ಷತ್ರಿಯರೆಂದು ಶಾಸನದಲ್ಲಿ ಹೇಳಿಕೊಂಡವರೇ. ದೂರದ ನಾಡಿನಲ್ಲಿ ಒಂದೇ ಸೀಮೆಯ ಇಬ್ಬರು ಭೇಟಿಯಾದರೆ ಏನು ಮಾಡಬೇಕು? ಅಪ್ಪಿಕೊಳ್ಳಬೇಕು, ಊಟಕ್ಕೆ ಕರೆಯಬೇಕು. ಇವರು ಯುದ್ಧ ಮಾಡಿದರು! ಸೇನರ ವಿಜಯಸೇನ ತಾನು ನಾನ್ಯನನ್ನು ಸೋಲಿಸಿದೆನೆಂದು ದೇವಪಾರಾ ಶಾಸನದಲ್ಲಿ ಹೊಗಳಿಸಿಕೊಂಡಿದ್ದಾನೆ. ಇಬ್ಬರು ಕನ್ನಡಿಗರು ಸೇರಿದರೆ ಮೂರು ಸಂಘ ಎಂದು ನಾವು ನಗುತ್ತೇವಲ್ಲ, ಅದಕ್ಕೆ ಎಂಟುನೂರು ವರ್ಷಕ್ಕೂ ಹಿಂದಿನ ಆಧಾರ ಸಿಕ್ಕಿತು.

ಸೋಲಿನ ನಂತರವೂ ನಾನ್ಯನ ವಂಶ ಮಿಥಿಲೆಯಲ್ಲಿ ಉಳಿಯಿತು. 1324ರ ಹೊತ್ತಿಗೆ ದೆಹಲಿಯ ಗಿಯಾಸುದ್ದೀನ್ ತುಘಲಕ್ ಬಂಗಾಳದ ದಂಡಯಾತ್ರೆಯಿಂದ ಮರಳುವಾಗ ದಾಳಿ ಮಾಡಿದ. ಕೊನೆಯ ಅರಸ ಹರಿಸಿಂಹದೇವ ರಾಜಧಾನಿ ಬಿಟ್ಟು ನೇಪಾಳದ ಬೆಟ್ಟಗಳತ್ತ ಹೋದ. ಒಟ್ಟು ಸುಮಾರು 227 ವರ್ಷಗಳ ಆಳ್ವಿಕೆ. ಇಂದಿಗೂ ಇತಿಹಾಸದ ಪುಸ್ತಕಗಳಲ್ಲಿ ಅವರ ಹೆಸರು ಮಿಥಿಲೆಯ ಕರ್ಣಾಟರು ಎಂದೇ. ಆಮೇಲೆ 17ನೇ ಶತಮಾನದಲ್ಲಿ ಕಾಠ್ಮಂಡುವಿನ ಅರಸ ಪ್ರತಾಪಮಲ್ಲನೂ ತನ್ನ ವಂಶಾವಳಿಗೆ ನಾನ್ಯದೇವನನ್ನು ಸೇರಿಸಿಕೊಂಡ. ಆ ಹೆಸರಿಗೆ ಅಷ್ಟು ಬೆಲೆಯಿತ್ತು.

ಹೆಸರು ಉಳಿಯಿತು. ನುಡಿ? ಮೈಥಿಲಿ ಭಾಷೆಯ ಅತ್ಯಂತ ಹಳೆಯ ಗದ್ಯಗ್ರಂಥ ಎಂದು ವಿದ್ವಾಂಸರು ಹೇಳುವ 'ವರ್ಣರತ್ನಾಕರ' ಹುಟ್ಟಿದ್ದು ಈ ಹರಿಸಿಂಹದೇವನ ಆಸ್ಥಾನದಲ್ಲೇ. ಬರೆದವನು ಜ್ಯೋತಿರೀಶ್ವರ ಠಾಕೂರ. ವಿಲಿಯಂನ ಮಂದಿ ಇಂಗ್ಲೆಂಡಿನ ಅರಮನೆಯಲ್ಲಿ ಬಹುಕಾಲ ಫ್ರೆಂಚನ್ನೇ ಆಡಿದರು. ಕರ್ಣಾಟರು ಹಾಗಲ್ಲ, ತಾವು ಆಳಿದ ನೆಲದ ಮಾತಿಗೆ ಅರಮನೆಯ ಬಾಗಿಲು ತೆರೆದರು. ಅದು ದೊಡ್ಡ ಗುಣವೇ. ಆದರೆ ಸಿಮ್ರೌನ್‌ಗಢದಲ್ಲಿ ಇಂದು ಕನ್ನಡದ ಸೊಲ್ಲು ಇಲ್ಲ. ಕರ್ಣಾಟ ಎಂಬುದು ಬಿರುದಾಗಿ ಉಳಿಯಿತು, ಮನೆಮಾತಾಗಿ ಉಳಿಯಲಿಲ್ಲ.

ಓದುಗ ಬಂಧುಗಳೇ, ಮಿಯಾಪುರದಲ್ಲಿ ನಾವು ಯಾವ ಗದ್ದುಗೆಯನ್ನೂ ಕೇಳಲು ಬಂದವರಲ್ಲ. ಕೇಳಿದ್ದು ಒಂದು ನೌಕರಿ, ಎರಡು ಕೋಣೆಯ ಮನೆ, ನಲ್ಲಿಯಲ್ಲಿ ನೀರು. ತೆಲುಗು ನಾಡು ನಮಗೆ ಅದನ್ನೆಲ್ಲ ಕೊಟ್ಟಿದೆ. ತೆಲುಗನ್ನು ಚೆನ್ನಾಗಿ ಕಲಿಯುವುದು, ನಮ್ಮ ಮಕ್ಕಳು ಅದರಲ್ಲಿ ಜಾಣರಾಗುವುದು ನ್ಯಾಯವೇ. ಲಿಪಿಯಂತೂ ಅಕ್ಕತಂಗಿಯರಂತಿದೆ. ಆದರೆ ಅಡುಗೆಮನೆಯಲ್ಲಿ 'ಸಾರಿಗೆ ಉಪ್ಪು ಸಾಕಾ?' ಎಂದು ಕನ್ನಡದಲ್ಲಿ ಕೇಳುವುದಕ್ಕೆ ತೆಲುಗಿನವರು ಯಾರೂ ಅಡ್ಡ ಬಂದಿಲ್ಲ. ಅಲ್ಲಿ ಕನ್ನಡ ನಿಂತುಹೋದರೆ ಅದನ್ನು ನಿಲ್ಲಿಸಿದವರು ನಾವೇ.

ನವೆಂಬರಿನಲ್ಲಿ ಬಾವುಟ ಹಾರಿಸುವುದು ಸುಲಭ. ಅದು ಕರ್ಣಾಟಕುಲಭೂಷಣ ಎಂಬ ಬಿರುದಿನ ಹಾಗೆ. ಕಷ್ಟವಿರುವುದು ಉಳಿದ ಹನ್ನೊಂದು ತಿಂಗಳಲ್ಲಿ. ಶಾಲೆಯಿಂದ ಬಂದ ಮಗು ಇಂಗ್ಲಿಷಿನಲ್ಲಿ ಕೇಳಿದ ಪ್ರಶ್ನೆಗೆ ಬೇಸರಿಸದೆ ಕನ್ನಡದಲ್ಲಿ ಉತ್ತರ ಕೊಡಬೇಕು. ವಾರಕ್ಕೊಮ್ಮೆಯಾದರೂ ಊರಿನ ಅಜ್ಜಿಯ ಜೊತೆ ಫೋನಿನಲ್ಲಿ ಮಾತಾಡಿಸಬೇಕು. ನಾನ್ಯದೇವನ ವಂಶಕ್ಕೆ ರಾಜ್ಯವಿತ್ತು, ಸೈನ್ಯವಿತ್ತು, ಪಂಡಿತರಿದ್ದರು. ಆದರೂ ಅವರಿಂದ ಆಗದ ಈ ಕೆಲಸವನ್ನು ನಾವು ಗೃಹಿಣಿಯರು ಒಲೆಯ ಮುಂದೆ ನಿಂತು ಮಾಡಬಹುದು.