ಬಾಸ್ ಕೈಯಲ್ಲಿ ಎಐ: ನಿರ್ಧಾರ ಯಂತ್ರದ್ದು, ಹೊಣೆ ಯಾರದ್ದು?

ಒಂದು ದೃಶ್ಯ ಊಹಿಸಿಕೊಳ್ಳಿ. ಮಾರ್ಚ್ ತಿಂಗಳು, ಬೆಂಗಳೂರಿನ ಔಟರ್ ರಿಂಗ್ ರೋಡ್‌ನ ಯಾವುದೋ ಟೆಕ್ ಪಾರ್ಕ್, ಅಪ್ರೈಸಲ್ ಸಮಯ. ಮ್ಯಾನೇಜರ್ ಮುಂದೆ ಹದಿನಾಲ್ಕು ಜನರ ಫೈಲ್ ಇದೆ, ಸಂಜೆಯೊಳಗೆ ಮುಗಿಸಬೇಕು. ಒಬ್ಬೊಬ್ಬರ ವರ್ಷದ ಮೇಲ್‌ಗಳು, ಮೀಟಿಂಗ್ ನೋಟ್ಸ್, ಮುಗಿಸಿದ ಕೆಲಸದ ಪಟ್ಟಿ ಎಲ್ಲವನ್ನೂ ಚಾಟ್‌ಬಾಟ್‌ಗೆ ಹಾಕಿ, 'ಇವರಿಗೆ ಐದಕ್ಕೆ ಎಷ್ಟು ಕೊಡಬಹುದು, ಕಾರಣ ಸಮೇತ ಬರೆ' ಅಂತಾರೆ. ಹತ್ತು ಸೆಕೆಂಡಿನಲ್ಲಿ ಉತ್ತರ ಬರುತ್ತೆ: ಮೂರು. ಕಾರಣಗಳೂ ನೀಟಾಗಿವೆ. ಮ್ಯಾನೇಜರ್ ಎರಡು ಪದ ತಿದ್ದಿ ಸಬ್‌ಮಿಟ್ ಒತ್ತುತ್ತಾರೆ. ನಿಮ್ಮ ಹೈಕ್ ಅಲ್ಲಿಗೆ ಮುಗೀತು.

ಈಗ ಹೇಳಿ, ನಿಮಗೆ ಆ ಮೂರು ಕೊಟ್ಟವರು ಯಾರು?

ಚಾಟ್‌ಜಿಪಿಟಿ ಜನರ ಕೈಗೆ ಬಂದಿದ್ದು 2022ರ ನವೆಂಬರ್ 30ರಂದು. ಅಂದಿನಿಂದ ನಾವು ಕೇಳುತ್ತಿರುವುದು ಒಂದೇ ಪ್ರಶ್ನೆ: ಎಐ ನಮ್ಮ ಕೆಲಸ ಕಿತ್ತುಕೊಳ್ಳುತ್ತಾ? ಪ್ರಶ್ನೆ ಸರಿಯಾದದ್ದೇ. ಆದರೆ ಅದರ ಗದ್ದಲದಲ್ಲಿ ಇನ್ನೊಂದು ಪ್ರಶ್ನೆ ಮರೆಯಾಗಿದೆ. ಯಾರಿಗೆ ಕೆಲಸ, ಯಾರಿಗೆ ಬಡ್ತಿ, ಯಾವ ತಂಡ ಉಳಿಯಬೇಕು, ಯಾವ ಪ್ರಾಜೆಕ್ಟ್ ಮುಚ್ಚಬೇಕು ಎಂದು ತೀರ್ಮಾನಿಸುವವರು ಆ ತೀರ್ಮಾನಕ್ಕೆ ಹೇಗೆ ಬರುತ್ತಿದ್ದಾರೆ ಎಂಬುದು.

ಬಹುಪರಾಕ್ ಹೇಳುವ ಯಂತ್ರ

ಕಂಪನಿಗಳ ಮೇಲ್ಮಟ್ಟದಲ್ಲಿ ಎಐ ಬಳಕೆ ಈಗ ಆಯ್ಕೆಯಾಗಿ ಉಳಿದಿಲ್ಲ, ಹುಕುಂ ಆಗಿದೆ. 2025ರ ಏಪ್ರಿಲ್‌ನಲ್ಲಿ ಕೆನಡಾದ ಶಾಪಿಫೈ ಕಂಪನಿಯ ಸಿಇಒ ಟೋಬಿ ಲುಟ್ಕೆ ತಮ್ಮ ನೌಕರರಿಗೆ ಬರೆದ ಟಿಪ್ಪಣಿ ದೊಡ್ಡ ಸುದ್ದಿಯಾಯಿತು. ಹೊಸಬರನ್ನು ನೇಮಿಸಿಕೊಳ್ಳಲು ಅನುಮತಿ ಬೇಕಿದ್ದರೆ, ಆ ಕೆಲಸ ಎಐನಿಂದ ಯಾಕೆ ಆಗಲ್ಲ ಅಂತ ಮೊದಲು ತೋರಿಸಿ ಎಂಬುದು ಅದರ ಸಾರ. ಇಂಥ ಟಿಪ್ಪಣಿಗಳು ಮೇಲಿನಿಂದ ಕೆಳಕ್ಕೆ ಇಳಿಯುತ್ತವೆ. ಕೆಳಗಿನ ಮ್ಯಾನೇಜರ್ ಏನು ಮಾಡ್ತಾರೆ? ತಾವೂ ಎಐ ಬಳಸ್ತೀವಿ ಅಂತ ತೋರಿಸ್ತಾರೆ.

ಇಲ್ಲೊಂದು ಅಪಾಯವಿದೆ. ಅಧಿಕಾರದಲ್ಲಿರುವವರಿಗೆ ಸಲಹೆಗಾರರ ಕೊರತೆ ಯಾವತ್ತೂ ಇರಲಿಲ್ಲ, ಕೊರತೆ ಇದ್ದದ್ದು 'ಸ್ವಾಮಿ, ಇದು ತಪ್ಪು' ಅನ್ನುವವರದ್ದು. ರಾಜರ ಆಸ್ಥಾನದಲ್ಲಿ ಬಹುಪರಾಕ್ ಹೇಳುವುದಕ್ಕೇ ಜನ ಇರುತ್ತಿದ್ದರು. ಈಗ ಆ ಕೆಲಸಕ್ಕೆ ಸಾಫ್ಟ್‌ವೇರ್ ಬಂದಿದೆ. ಇದು ಉತ್ಪ್ರೇಕ್ಷೆ ಅಲ್ಲ. 2025ರ ಏಪ್ರಿಲ್ ಕೊನೆಯಲ್ಲಿ ಓಪನ್‌ಎಐ ತನ್ನ ಜಿಪಿಟಿ-4ಒ ಮಾದರಿಯ ಹೊಸ ಅಪ್‌ಡೇಟ್ ಅನ್ನು ಕೆಲವೇ ದಿನಗಳಲ್ಲಿ ವಾಪಸ್ ಪಡೆಯಿತು. ಕಾರಣ, ಅದು ಬಳಕೆದಾರರನ್ನು ಅತಿಯಾಗಿ ಹೊಗಳುತ್ತಿತ್ತು, ಹೇಳಿದ್ದಕ್ಕೆಲ್ಲ ಹೌದು ಅನ್ನುತ್ತಿತ್ತು. ಕಂಪನಿಯೇ ಇದನ್ನು ಒಪ್ಪಿಕೊಂಡಿತು. ಆ ಅಪ್‌ಡೇಟ್ ಹೋಯಿತು, ಸರಿ. ಆದರೆ ಜನ ಮೆಚ್ಚುವ ಉತ್ತರಕ್ಕೆ ಹೆಚ್ಚು ಅಂಕ ಕೊಟ್ಟು ಬೆಳೆಸಿದ ಯಂತ್ರಕ್ಕೆ ಮೆಚ್ಚಿಸುವ ಗುಣ ಪೂರ್ತಿ ಬಿಟ್ಟುಹೋಗುವುದು ಕಷ್ಟ.

'ಈ ತಂಡದಲ್ಲಿ ಮೂವರನ್ನು ತೆಗೆಯಬೇಕು ಅಂದುಕೊಂಡಿದ್ದೇನೆ, ಸರಿಯಾ?' ಅಂತ ಕೇಳುವ ಬಾಸ್‌ಗೆ ಚೆಂದದ ಸಮರ್ಥನೆ ಸಿಗುತ್ತೆ. 'ತೆಗೆಯಬಾರದು ಅಂದುಕೊಂಡಿದ್ದೇನೆ' ಅಂದರೆ ಅದಕ್ಕೂ ಅಷ್ಟೇ ಚೆಂದದ ಸಮರ್ಥನೆ ಸಿಗಬಹುದು.

ಬಳಸುವವರ ಅನುಭವವನ್ನೇ ನಂಬೋಣ ಅಂದರೆ ಅದೂ ಕಷ್ಟ. ಅಮೆರಿಕದ ಎಂಇಟಿಆರ್ ಎಂಬ ಸಂಶೋಧನಾ ಸಂಸ್ಥೆ 2025ರ ಜುಲೈನಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿತು. 16 ಮಂದಿ ಅನುಭವಿ ಪ್ರೋಗ್ರಾಮರ್‌ಗಳಿಗೆ ತಮಗೆ ಚೆನ್ನಾಗಿ ಗೊತ್ತಿದ್ದ ಪ್ರಾಜೆಕ್ಟ್‌ಗಳಲ್ಲೇ ಕೆಲಸ ಕೊಟ್ಟಿದ್ದರು. ಎಐ ಬಳಸಿದಾಗ ಶೇ. 20ರಷ್ಟು ಬೇಗ ಮುಗಿಸಿದೆವು ಅಂತ ಅವರು ಅಂದುಕೊಂಡರು. ಗಡಿಯಾರ ಹೇಳಿದ್ದು ಬೇರೆ: ಅವರು ಶೇ. 19ರಷ್ಟು ಹೆಚ್ಚು ಸಮಯ ತೆಗೆದುಕೊಂಡಿದ್ದರು. ಇದು ಸಣ್ಣ ಅಧ್ಯಯನ, ಎಲ್ಲ ಕೆಲಸಕ್ಕೂ ಅನ್ವಯಿಸಬೇಕಿಲ್ಲ. ಆದರೆ ಬರೆದ ಕೋಡ್ ಓಡುತ್ತೋ ಇಲ್ಲವೋ ಅಂತ ಕಣ್ಣೆದುರೇ ಕಾಣುವ ಕೆಲಸದಲ್ಲೇ ಈ ಭ್ರಮೆ ಹುಟ್ಟಬಹುದಾದರೆ, ಫಲ ಕಾಣಲು ಎರಡು ವರ್ಷ ಹಿಡಿಯುವ ಆಡಳಿತದ ನಿರ್ಧಾರಗಳಲ್ಲಿ ಹೇಗಿರಬೇಡ?

ತಪ್ಪಾದಾಗ ಕೈ ತೊಳೆದುಕೊಳ್ಳುವ ಆಟ

ಕೆನಡಾದ ವಿಮಾನಯಾನ ಸಂಸ್ಥೆ ಏರ್ ಕೆನಡಾದ ಕತೆ ಕೇಳಿ. ಅಜ್ಜಿ ತೀರಿಕೊಂಡಿದ್ದಕ್ಕೆ ಊರಿಗೆ ಹೊರಟ ಪ್ರಯಾಣಿಕರೊಬ್ಬರಿಗೆ, ಪ್ರಯಾಣ ಮುಗಿಸಿದ ಮೇಲೂ ರಿಯಾಯಿತಿಗೆ ಅರ್ಜಿ ಹಾಕಬಹುದು ಅಂತ ಕಂಪನಿಯ ಚಾಟ್‌ಬಾಟ್ ತಪ್ಪು ಮಾಹಿತಿ ಕೊಟ್ಟಿತು. ಕಂಪನಿ ದುಡ್ಡು ವಾಪಸ್ ಕೊಡಲು ಒಪ್ಪಲಿಲ್ಲ. ವ್ಯಾಜ್ಯ ಬ್ರಿಟಿಷ್ ಕೊಲಂಬಿಯಾದ ನ್ಯಾಯಮಂಡಳಿಗೆ ಹೋದಾಗ, ತನ್ನ ಚಾಟ್‌ಬಾಟ್ ಹೇಳಿದ್ದಕ್ಕೆ ತಾನು ಹೊಣೆಯಲ್ಲ ಎಂಬಂತೆ ವಾದಿಸಿತು. ಚಾಟ್‌ಬಾಟ್ ಏನು ಪಕ್ಕದ ಮನೆಯವರದ್ದಾ? 2024ರ ಫೆಬ್ರುವರಿಯಲ್ಲಿ ನ್ಯಾಯಮಂಡಳಿ ಆ ವಾದ ತಳ್ಳಿಹಾಕಿ ಪರಿಹಾರ ಕೊಡಿಸಿತು.

ದುಡ್ಡು ಪಡೆದು ಸಲಹೆ ಕೊಡುವ ದೊಡ್ಡವರೂ ಇದರಿಂದ ಹೊರತಲ್ಲ. ಆಸ್ಟ್ರೇಲಿಯಾ ಸರ್ಕಾರಕ್ಕೆ ಡೆಲಾಯ್ಟ್ ಸುಮಾರು 4.4 ಲಕ್ಷ ಆಸ್ಟ್ರೇಲಿಯನ್ ಡಾಲರ್ ಮೊತ್ತಕ್ಕೆ ಒಂದು ವರದಿ ಮಾಡಿಕೊಟ್ಟಿತ್ತು. ಅದರಲ್ಲಿ ಅಸ್ತಿತ್ವದಲ್ಲೇ ಇಲ್ಲದ ಸಂಶೋಧನಾ ಲೇಖನಗಳ ಉಲ್ಲೇಖ ಇತ್ತು, ನ್ಯಾಯಾಲಯದ ತೀರ್ಪಿನದ್ದೆಂದು ಹೇಳಿದ ಸುಳ್ಳು ಸಾಲೂ ಇತ್ತು. ಪತ್ತೆ ಹಚ್ಚಿದ್ದು ಗ್ರಾಹಕನಾಗಿದ್ದ ಸರ್ಕಾರವಲ್ಲ, ಸಿಡ್ನಿ ವಿಶ್ವವಿದ್ಯಾಲಯದ ಅಧ್ಯಾಪಕರೊಬ್ಬರು. 2025ರ ಅಕ್ಟೋಬರ್‌ನಲ್ಲಿ ಡೆಲಾಯ್ಟ್ ಸ್ವಲ್ಪ ಹಣ ವಾಪಸ್ ಕೊಡಲು ಒಪ್ಪಿತು. ವರದಿ ತಯಾರಿಯಲ್ಲಿ ಎಐ ಬಳಸಲಾಗಿದೆ ಎಂಬ ಸಾಲು ಸೇರಿದ್ದು ತಿದ್ದಿದ ಆವೃತ್ತಿಯಲ್ಲಿ. ಆ ವರದಿ ಯಾವುದರ ಬಗ್ಗೆ ಗೊತ್ತಾ? ನಿಯಮ ತಪ್ಪಿದ ನಿರುದ್ಯೋಗಿಗಳ ಭತ್ಯೆಗೆ ತಾನೇ ತಾನಾಗಿ ಕತ್ತರಿ ಹಾಕುವ ಕಂಪ್ಯೂಟರ್ ವ್ಯವಸ್ಥೆಯ ಬಗ್ಗೆ!

ನಮ್ಮೂರಲ್ಲಿ? 2024ರ ಡಿಸೆಂಬರ್‌ನಲ್ಲಿ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಬೆಂಗಳೂರು ಪೀಠದ ಆದೇಶವೊಂದರಲ್ಲಿ ಇಲ್ಲದ ತೀರ್ಪುಗಳ ಉಲ್ಲೇಖ ಕಂಡುಬಂದು, ಆದೇಶವನ್ನೇ ವಾಪಸ್ ಪಡೆಯಬೇಕಾಯಿತು. ಅವು ಎಐ ಹೆಣೆದ ತೀರ್ಪುಗಳು ಎಂಬ ಅನುಮಾನ ವ್ಯಾಪಕವಾಗಿ ಕೇಳಿಬಂತು. ಇನ್ನು ಕೇರಳ ಹೈಕೋರ್ಟ್ 2025ರ ಜುಲೈನಲ್ಲಿ ಜಿಲ್ಲಾ ನ್ಯಾಯಾಲಯಗಳಿಗೆ ನೀತಿಯೊಂದನ್ನು ತಂದು, ತೀರ್ಪಿಗೆ ಬರಲು ಎಐ ಬಳಸಬಾರದು ಎಂದು ಸ್ಪಷ್ಟವಾಗಿ ಹೇಳಿತು. ನ್ಯಾಯಾಲಯಕ್ಕೆ ಇರುವ ಆ ಎಚ್ಚರ ನಮ್ಮ ಎಚ್‌ಆರ್ ವಿಭಾಗಗಳಿಗೆ ಯಾಕೆ ಬೇಡ?

ಹೊಗಳಿಕೆ ಮೊದಲು, ಪಶ್ಚಾತ್ತಾಪ ಆಮೇಲೆ

2023ರ ಜುಲೈನಲ್ಲಿ ಬೆಂಗಳೂರಿನ ಸ್ಟಾರ್ಟ್‌ಅಪ್ 'ದುಕಾನ್'ನ ಸಿಇಒ ಸುಮಿತ್ ಶಾ, ಗ್ರಾಹಕ ಸೇವಾ ತಂಡದ ಶೇ. 90ರಷ್ಟು ಜನರ ಜಾಗಕ್ಕೆ ಚಾಟ್‌ಬಾಟ್ ಕೂರಿಸಿದ್ದನ್ನು ಟ್ವಿಟರ್‌ನಲ್ಲಿ ಸಾಧನೆಯಂತೆ ಹೇಳಿಕೊಂಡರು. ಜನ ಸಿಟ್ಟಾದರು. ಸ್ವೀಡನ್‌ನ ಕ್ಲಾರ್ನಾ ಕಂಪನಿ 2024ರಲ್ಲಿ, ತನ್ನ ಎಐ ಸಹಾಯಕ 700 ಜನರ ಕೆಲಸ ಮಾಡುತ್ತಿದೆ ಅಂತ ಜಗತ್ತಿಗೇ ಸಾರಿತು. ಮರುವರ್ಷ ಮೇ ತಿಂಗಳಲ್ಲಿ ಅದರ ಸಿಇಒ, ಖರ್ಚು ಉಳಿಸುವುದಕ್ಕೇ ಹೆಚ್ಚು ಗಮನ ಕೊಟ್ಟು ಗುಣಮಟ್ಟ ಕುಸಿಯಿತು ಅಂತ ಒಪ್ಪಿಕೊಂಡು ಮತ್ತೆ ಮನುಷ್ಯರ ನೇಮಕಕ್ಕೆ ಹೊರಟರು. ತೀರ್ಮಾನ ತಪ್ಪಾಯಿತು ಅನ್ನಲು ಸಿಇಒಗೆ ಒಂದು ಸಂದರ್ಶನ ಸಾಕು. ಕೆಲಸ ಕಳೆದುಕೊಂಡವರ ಬಾಡಿಗೆ, ಇಎಂಐ?

ಎಐ ಹೆಸರು ಬೇಕಾದಾಗ ಬರುತ್ತೆ, ಬೇಡದಾಗ ಮಾಯವಾಗುತ್ತೆ ಅನ್ನುವುದನ್ನೂ ಗಮನಿಸಿ. 2025ರ ಜುಲೈನಲ್ಲಿ ಟಿಸಿಎಸ್ ಸುಮಾರು 12,000 ಜನರನ್ನು, ಅಂದರೆ ತನ್ನ ನೌಕರರಲ್ಲಿ ಶೇ. 2ರಷ್ಟನ್ನು ಕಡಿತ ಮಾಡುವುದಾಗಿ ಹೇಳಿತು. ಹೆಚ್ಚಿನವರು ಮಧ್ಯಮ, ಹಿರಿಯ ಹಂತದವರು. ಕಾರಣ ಎಐ ಅಲ್ಲ, ಕೌಶಲ ಹೊಂದಿಕೆ ಆಗದಿರುವುದು ಎಂದರು ಸಿಇಒ ಕೆ. ಕೃತಿವಾಸನ್. ಇರಬಹುದು. ಆದರೆ ಯಾರ ಕೌಶಲ ಹೊಂದುವುದಿಲ್ಲ ಎಂದು ತೀರ್ಮಾನಿಸಿದ ಅಳತೆಗೋಲು ಯಾವುದು, ಅದನ್ನು ಹಿಡಿದವರು ಯಾರು ಎಂಬುದನ್ನು ನೌಕರರು ಕೇಳಬೇಕಾದ ಕಾಲ ಇದು. ಕರ್ನಾಟಕದ ಐಟಿ ನೌಕರರ ಸಂಘ 'ಕಿಟು' ಈ ಕಡಿತದ ವಿರುದ್ಧ ಕಾರ್ಮಿಕ ಇಲಾಖೆಗೆ ದೂರು ಕೊಟ್ಟಿತು.

ಡೆಲಿವರಿ ಹುಡುಗನಿಗಿರುವ ಹಕ್ಕು ಟೆಕ್ಕಿಗಿಲ್ಲ

ಸೋಜಿಗದ ಸಂಗತಿ ಇಲ್ಲಿದೆ. 2025ರಲ್ಲಿ ಕರ್ನಾಟಕ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಗೆ ಕಾಯ್ದೆ ತಂದಿತು. ಅದರ ಪ್ರಕಾರ, ಆರ್ಡರ್ ಹಂಚಿಕೆ, ರೇಟಿಂಗ್‌ನಂಥ ವಿಷಯಗಳಲ್ಲಿ ಆ್ಯಪ್‌ನ ಯಂತ್ರ ಹೇಗೆ ನಿರ್ಧಾರ ಮಾಡುತ್ತೆ ಎಂಬುದನ್ನು ಕಂಪನಿ ಕಾರ್ಮಿಕರಿಗೆ ತಿಳಿಸಬೇಕು. ಲಿಖಿತ ಕಾರಣ ಕೊಟ್ಟು, 14 ದಿನ ಮೊದಲು ನೋಟಿಸ್ ಕೊಡದೆ ತೆಗೆದುಹಾಕುವಂತಿಲ್ಲ. ಜಾರಿ ಎಷ್ಟಾಗುತ್ತೆ ಅನ್ನುವುದು ಬೇರೆ ಮಾತು, ಕಾಗದದ ಮೇಲಾದರೂ ಹಕ್ಕಿದೆ. ಅದೇ ಆ್ಯಪ್ ಕಂಪನಿಯ ಎಸಿ ಆಫೀಸಲ್ಲಿ ಕೂತ ಎಂಜಿನಿಯರ್‌ಗೆ? ತನ್ನ ರೇಟಿಂಗ್ ಬರೆದದ್ದು ಯಂತ್ರವಾ, ಮನುಷ್ಯರಾ ಅಂತ ಕೇಳುವ ಇಂಥದೇ ಹಕ್ಕು ಇಲ್ಲ.

ಯುರೋಪ್‌ನ ದತ್ತಾಂಶ ರಕ್ಷಣಾ ನಿಯಮದ 22ನೇ ವಿಧಿ, ಬದುಕಿನ ಮೇಲೆ ದೊಡ್ಡ ಪರಿಣಾಮ ಬೀರುವ ನಿರ್ಧಾರವನ್ನು ಯಂತ್ರವೊಂದೇ ತೆಗೆದುಕೊಳ್ಳದಂತೆ ರಕ್ಷಣೆ ಕೊಡುತ್ತದೆ. ನಮ್ಮ 2023ರ ಡಿಜಿಟಲ್ ದತ್ತಾಂಶ ರಕ್ಷಣಾ ಕಾಯ್ದೆಯಲ್ಲಿ ಅಂಥ ಹಕ್ಕು ಇಲ್ಲ. ಹಳೆಯ ಕಾನೂನಿನಲ್ಲಿ ಒಂದು ಎಳೆ ಇದೆ. ಕೆಲಸದ ತಂತ್ರ ಬದಲಾಯಿಸುವುದರಿಂದ ಜನರನ್ನು ತೆಗೆಯುವ ಸಾಧ್ಯತೆ ಇದ್ದರೆ 21 ದಿನ ಮೊದಲೇ ನೋಟಿಸ್ ಕೊಡಬೇಕು ಎಂದು 1947ರ ಕೈಗಾರಿಕಾ ವಿವಾದ ಕಾಯ್ದೆ ಹೇಳಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಅದು ಉಳಿದಿದೆ. ಆದರೆ ಅದನ್ನು ಎತ್ತಿದ ಕೂಡಲೇ 'ನೀವು ಕಾರ್ಮಿಕರೇ ಅಲ್ಲ' ಎಂಬ ವಾದ ಬರುತ್ತೆ. ಜೊತೆಗೆ ಐಟಿ ವಲಯಕ್ಕೆ 1946ರ ಸ್ಟ್ಯಾಂಡಿಂಗ್ ಆರ್ಡರ್ಸ್ ಕಾಯ್ದೆಯಿಂದ ಮತ್ತೆ ಮತ್ತೆ ವಿನಾಯಿತಿ ಕೊಟ್ಟವರು ನಮ್ಮದೇ ರಾಜ್ಯ ಸರ್ಕಾರಗಳು. ಅದರಲ್ಲಿ ಪಕ್ಷಭೇದ ಇರಲಿಲ್ಲ.

ನಮ್ಮ ಸಮಾಜಕ್ಕೇ ಅಂಟಿದ ಒಂದು ಚಿಂತೆಯೂ ಇದೆ. ಇಲ್ಲಿ ಹೆಸರು, ಊರು, ಓದಿದ ಹಾಸ್ಟೆಲ್ ಕೂಡ ಜಾತಿ ಹೇಳಿಬಿಡುತ್ತೆ. ಈ ಸಮಾಜ ಬರೆದದ್ದನ್ನೇ ಓದಿ ಕಲಿತ ಯಂತ್ರ ಅರ್ಜಿಗಳನ್ನು ಸೋಸುವಾಗ ಆ ಪೂರ್ವಗ್ರಹ ಎಲ್ಲಿಗೆ ಹೋಗುತ್ತೆ? ಮನುಷ್ಯ ತಾರತಮ್ಯ ಮಾಡಿದರೆ ಬೆರಳು ತೋರಿಸಬಹುದು. ಯಂತ್ರ ಮಾಡಿದರೆ ಅದು 'ಮೆರಿಟ್' ಅಂತ ಕಾಣುತ್ತೆ.

ಹಾಗಾದ್ರೆ ಎಐ ಬೇಡ್ವಾ?

ಬೇಕು. ನೂರು ಪುಟದ ಟೆಂಡರ್ ಸಾರಾಂಶ ಮಾಡಲಿ, ಇಂಗ್ಲಿಷ್ ಸುತ್ತೋಲೆಯನ್ನು ಕನ್ನಡಕ್ಕೆ ತರಲಿ, 'ನನ್ನ ಯೋಜನೆಯಲ್ಲಿ ಏನು ತಪ್ಪಿದೆ ಹೇಳು' ಅಂತ ಬಾಸ್ ಕೇಳಲಿ. ಹುಳುಕು ಹುಡುಕಲು ಬಳಸುವ ನಾಯಕರಿಗೆ ಇದು ಒಳ್ಳೆಯ ಸಾಧನ. ಮೊದಲೇ ಮಾಡಿಕೊಂಡ ತೀರ್ಮಾನಕ್ಕೆ ಮುದ್ರೆ ಒತ್ತಿಸಿಕೊಳ್ಳುವವರ ಕೈಯಲ್ಲೇ ತೊಂದರೆ.

ಹಾಗಾಗಿ ಬೇಡಿಕೆ ಸರಳ. ನೇಮಕ, ರೇಟಿಂಗ್, ಬಡ್ತಿ, ವಜಾದಲ್ಲಿ ಎಐ ಬಳಸಿದ್ದರೆ ನೌಕರರಿಗೆ ತಿಳಿಸಬೇಕು. ಪ್ರತಿ ನಿರ್ಧಾರದ ಕೆಳಗೆ ಹೆಸರಿರುವ ಒಬ್ಬ ಮನುಷ್ಯರ ಸಹಿ ಇರಬೇಕು, ಅವರು ಕಾರಣ ವಿವರಿಸಲು ಸಿದ್ಧರಿರಬೇಕು. ನೌಕರರ ಖಾಸಗಿ ಮಾಹಿತಿಯನ್ನು ಹೊರಗಿನ ಚಾಟ್‌ಬಾಟ್‌ಗೆ ಹಾಕಬಾರದು. ಮೇಲ್ಮನವಿಯನ್ನು ಬೇರೊಬ್ಬ ಮನುಷ್ಯರು ಕೇಳಬೇಕು. ಗಿಗ್ ಕಾರ್ಮಿಕರಿಗೆ ಕಾಯ್ದೆ ಮಾಡಿದ ರಾಜ್ಯಕ್ಕೆ ಇದು ಅಸಾಧ್ಯವೇನಲ್ಲ. ಗಿಗ್ ಕಾರ್ಮಿಕರು ಅದನ್ನು ಸಂಘ ಕಟ್ಟಿ, ಬೀದಿಗಿಳಿದು ಕೇಳಿದ್ದರು ಅನ್ನುವುದು ನೆನಪಿರಲಿ.

ಅಲ್ಲಿಯವರೆಗೆ ಒಂದು ಕೆಲಸ ಮಾಡಿ. ಮುಂದಿನ ಅಪ್ರೈಸಲ್ ಮೀಟಿಂಗ್‌ನಲ್ಲಿ, ಜಗಳವಾಡದೆ, ಮೆತ್ತಗೆ ಕೇಳಿ: 'ಸರ್, ಈ ರೇಟಿಂಗ್ ಬರೆದದ್ದು ನೀವೇನಾ? ಇದರ ಎರಡನೇ ಕಾರಣ ಸ್ವಲ್ಪ ವಿವರಿಸ್ತೀರಾ?' ಉತ್ತರ ಬರುವ ಮೊದಲಿನ ಮೌನ ಎಷ್ಟು ಉದ್ದ ಇತ್ತು ಅನ್ನುವುದನ್ನು ನಿಮ್ಮ ಸಹೋದ್ಯೋಗಿಗಳಿಗೂ ಹೇಳಿ.