ಸೂಜಿ ಪುಕ್ಕಟೆ, ಸುದ್ದಿ ಮಾತ್ರ ಇಂಗ್ಲಿಷಿನಲ್ಲಿ!

ಊರಲ್ಲಿರುವ ನಿಮ್ಮ ಅಜ್ಜಿಗೆ ನಾಯಿ ಕಚ್ಚಿದರೆ ಸರ್ಕಾರಿ ಆಸ್ಪತ್ರೆಯಲ್ಲಿ ಎಷ್ಟು ದುಡ್ಡು ಕೊಡಬೇಕು? ರೇಷನ್ ಕಾರ್ಡು ತೋರಿಸಬೇಕೆ? ಬಸುರಿಯಾದ ನಿಮ್ಮ ಅಕ್ಕನಿಗೆ ಯಾವ ಲಸಿಕೆ, ಎಷ್ಟು ಸಲ? ಕನ್ನಡದ ಬಾವುಟ ಹಿಡಿದು ಬೆಂಗಳೂರು, ಹುಬ್ಬಳ್ಳಿಯ ಬೀದಿಗಿಳಿಯುವ ನಿಮ್ಮಲ್ಲಿ ಹತ್ತು ಜನರನ್ನು ಕೇಳಿದರೆ ಒಂಬತ್ತು ಜನ ತಲೆ ಕೆರೆದುಕೊಳ್ಳುತ್ತೀರಿ.

ತಪ್ಪು ನಿಮ್ಮೊಬ್ಬರದೇ ಅಲ್ಲ. ಮಕ್ಕಳ ಲಸಿಕೆಯ ಪಟ್ಟಿ ತಾಯಿ ಕಾರ್ಡಿನಲ್ಲಿ ಸಿಗುತ್ತದೆ. ದೊಡ್ಡವರ ಲಸಿಕೆ ಯಾರಿಗೆ ಉಂಟು, ಯಾರಿಗೆ ಇಲ್ಲ ಎಂದು ಕನ್ನಡದಲ್ಲಿ ಒಂದು ಹಾಳೆ ಬರೆದು ಮನೆಮನೆಗೆ ಕೊಟ್ಟವರನ್ನು ನಾನಂತೂ ಕಂಡಿಲ್ಲ. ಅಚ್ಚಿನ ಮನೆ ಇಟ್ಟುಕೊಂಡವನು ನಾನು. ಲಗ್ನಪತ್ರಿಕೆಯಿಂದ ಹಿಡಿದು ಚುನಾವಣೆಯ ಕರಪತ್ರದವರೆಗೆ ಎಲ್ಲ ಅಚ್ಚು ಹಾಕಿದ್ದೇನೆ. ಅಂಥ ಒಂದು ಹಾಳೆ ಹಾಕಿಕೊಡಿ ಎಂದು ಯಾರೂ ನನ್ನ ಬಾಗಿಲಿಗೆ ಬಂದಿಲ್ಲ.

2021 ಅನ್ನು ಮರೆತಿರಾ? ಆ ವರ್ಷ ಜನವರಿ 16ರಂದು ಆರೋಗ್ಯ ಸಿಬ್ಬಂದಿಗೆ ಕೋವಿಡ್ ಲಸಿಕೆ ಶುರುವಾಯಿತು. ಮಾರ್ಚ್ 1ಕ್ಕೆ 60 ದಾಟಿದವರಿಗೆ, ಏಪ್ರಿಲ್ 1ಕ್ಕೆ 45 ದಾಟಿದವರಿಗೆ, ಮೇ 1ಕ್ಕೆ 18 ದಾಟಿದವರಿಗೆ ಬಾಗಿಲು ತೆರೆಯಿತು. ಆದರೆ 18ರಿಂದ 44ರವರು ಕೋವಿನ್ ಎಂಬ ಪೋರ್ಟಲಿನಲ್ಲಿ ಹೆಸರು ನೋಂದಾಯಿಸಿ ಸಮಯ ಪಡೆದೇ ಬರಬೇಕು ಎಂದರು. ಆ ಪೋರ್ಟಲ್ ಯಾವ ಭಾಷೆಯಲ್ಲಿತ್ತು? ಇಂಗ್ಲಿಷಿನಲ್ಲಿ! ಕನ್ನಡ ಅದರಲ್ಲಿ ಕಾಣಿಸಿದ್ದು ಜೂನ್ ಮೊದಲ ವಾರ. ಸಾರ್ವಜನಿಕರಿಗೆ ತೆರೆದು ಮೂರು ತಿಂಗಳಾದ ಮೇಲೆ! ಅಷ್ಟರಲ್ಲಿ ಎರಡನೇ ಅಲೆ ಎಷ್ಟು ಮನೆಗಳ ದೀಪ ಆರಿಸಿತ್ತು, ನೆನಪಿಸಿಕೊಳ್ಳಿ.

ನಮ್ಮದು ಬೀಳಗಿ ತಾಲ್ಲೂಕಿನ ಅನಗವಾಡಿ. ಘಟಪ್ರಭೆಯ ದಂಡೆಯ ಊರು. ಆ ಮೇ ತಿಂಗಳಲ್ಲಿ ಒಂದು ದಿನ ಲಾರಿ ಕ್ಲೀನರ್ ಕೆಲಸದ ಹುಡುಗನೊಬ್ಬ ಮೊಬೈಲ್ ಹಿಡಿದು ಪ್ರೆಸ್ಸಿಗೆ ಬಂದ. "ಕಾಕಾ, ಇದರಾಗ ಏನ್ ಬರದೈತಿ ಓದಿ ಹೇಳ್ರಿ" ಎಂದ. ನನ್ನದು ಪಿಯುಸಿ ಇಂಗ್ಲಿಷು. ಕನ್ನಡಕ ಹಾಕಿಕೊಂಡು ಒಂದೊಂದೇ ಅಕ್ಷರ ಓದಿದೆ. ಒಟಿಪಿ ಬಂತು, ಹೋಯಿತು, ಮತ್ತೆ ಬಂತು. ನಾವು ಗುಂಡಿ ಒತ್ತುವಷ್ಟರಲ್ಲಿ ಹತ್ತಿರದ ಕೇಂದ್ರದ ಎಲ್ಲ ಸ್ಲಾಟೂ ಖಾಲಿ. ಮರುದಿನ ಅದೇ ಕೇಂದ್ರಕ್ಕೆ ದೂರದ ಪೇಟೆಯಿಂದ ಕಾರು ಬಂತು. ಸೂಜಿ ಮಾಡಿಸಿಕೊಂಡು ಹೊರಟೂ ಹೋಯಿತು. ನಮ್ಮ ಹುಡುಗ ಬೇವಿನ ಗಿಡದ ಕೆಳಗೆ ನಿಂತು ನೋಡುತ್ತಿದ್ದ.

ಕಾರಿನಲ್ಲಿ ಬಂದವರು ಯಾರು? ದೆಹಲಿಯವರಲ್ಲ, ಪರಭಾಷೆಯವರೂ ಅಲ್ಲ. ಅಚ್ಚ ಕನ್ನಡದ ಹುಡುಗರು! ಅವರ ಮೇಲೆ ನನಗೆ ಸಿಟ್ಟಿಲ್ಲ, ಜೀವದ ಭಯ ಯಾರಿಗಿಲ್ಲ? ಆದರೆ ಸರ್ಕಾರ ವಯಸ್ಸು ನೋಡಿ ಅರ್ಹತೆ ಗೊತ್ತು ಮಾಡಿತ್ತು. ಪೋರ್ಟಲ್ ಅದನ್ನು ತಿದ್ದಿ ಇಂಗ್ಲಿಷ್ ಬಂದವನೇ ಅರ್ಹ ಎಂದು ಮಾಡಿಬಿಟ್ಟಿತು. ಕಾನೂನಿನಲ್ಲಿ ಎಲ್ಲೂ ಬರೆಯದ ಅರ್ಹತೆ ಇದು!

ಸುಪ್ರೀಂ ಕೋರ್ಟಿಗೂ ಈ ಅನ್ಯಾಯ ಕಂಡಿತು. ಮೇ 31ರ ಆದೇಶದಲ್ಲಿ, ಮೊಬೈಲು ಇಂಟರ್‌ನೆಟ್ಟು ಇಲ್ಲದವರ ಗತಿಯೇನು ಎಂದು ಕೇಂದ್ರವನ್ನು ಕೇಳಿತು. 45 ದಾಟಿದವರಿಗೆ ಪುಕ್ಕಟೆ ಕೊಟ್ಟು ಕಿರಿಯರಿಂದ ದುಡ್ಡು ಕೇಳುವ ನೀತಿ ಮೇಲ್ನೋಟಕ್ಕೇ ತರ್ಕವಿಲ್ಲದ್ದು ಎಂದಿತು. ಜೂನ್ 21ರಿಂದ 18 ದಾಟಿದ ಎಲ್ಲರಿಗೂ ಸರ್ಕಾರಿ ಕೇಂದ್ರಗಳಲ್ಲಿ ಕೇಂದ್ರದ ಲಸಿಕೆ ಉಚಿತವಾಯಿತು. ಕೇಳಿದರೆ ಸಿಗುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಅದು ಹಳೆಯ ಕಥೆ ಎನ್ನಬೇಡಿ. ಕಳೆದ ವರ್ಷ ನಮ್ಮ ಓಣಿಯ ಮುದುಕಿಯೊಬ್ಬಳಿಗೆ ನಾಯಿ ಕಚ್ಚಿತು. ಗಾಯಕ್ಕೆ ಖಾರದ ಪುಡಿ ಮೆತ್ತಿಕೊಂಡು ಕುಳಿತಿದ್ದಳು. ಯಾಕವ್ವಾ ದವಾಖಾನೆಗೆ ಹೋಗಿಲ್ಲ ಎಂದರೆ, "ಕಾರ್ಡು ತಿದ್ದಾಕ ಕೊಟ್ಟೇವಿ, ಕಾರ್ಡಿಲ್ದ ಸೂಜಿ ಮಾಡಂಗಿಲ್ಲಂತಪಾ" ಎಂದಳು. ಯಾರೋ ಹೇಳಿದ ಸುಳ್ಳು! ಮೂರನೇ ದಿನ ನಾವೇ ಕರೆದುಕೊಂಡು ಹೋದೆವು. ಪುಣ್ಯಕ್ಕೆ ಬದುಕಿದ್ದಾಳೆ. ರೇಬೀಸ್ ಲಕ್ಷಣ ಒಮ್ಮೆ ಕಾಣಿಸಿಕೊಂಡರೆ ಬದುಕಿ ಬರುವುದು ಇಲ್ಲವೆಂದೇ ತಿಳಿಯಬೇಕು.

ಆದ್ದರಿಂದ ಈ ನಾಲ್ಕು ಮಾತು ಕತ್ತರಿಸಿ ಇಟ್ಟುಕೊಳ್ಳಿ.

ಒಂದು: ನಾಯಿ ಕಚ್ಚಿದರೆ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಖಾರ, ಸುಣ್ಣ, ಅರಿಶಿಣ ಬೇಡ. ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ. ಅಲ್ಲಿ ರೇಬೀಸ್ ಲಸಿಕೆ ಉಚಿತ. ಬಿಪಿಎಲ್, ಎಪಿಎಲ್ ಎಂಬ ಭೇದವಿಲ್ಲ. ಗಾಯ ಆಳವಾಗಿದ್ದರೆ ಇಮ್ಯುನೋಗ್ಲಾಬ್ಯುಲಿನ್ ಎಂಬ ಔಷಧಿಯನ್ನೂ ಕೇಳಿ. ವೈದ್ಯರು ಹೇಳಿದ ಅಷ್ಟೂ ಸೂಜಿ ಮುಗಿಸಿ, ನಡುವೆ ಬಿಡಬೇಡಿ.

ಎರಡು: ಪ್ರತಿ ಬಸುರಿಗೂ ಟಿಡಿ ಲಸಿಕೆ ಉಚಿತ. ಧನುರ್ವಾಯು, ಗಂಟಲಮಾರಿ ಎರಡನ್ನೂ ತಡೆಯುವುದು ಇದು. ನಾಲ್ಕು ವಾರ ಬಿಟ್ಟು ಎರಡು ಸಲ. ಮೂರು ವರ್ಷದೊಳಗೆ ಮತ್ತೆ ಬಸುರಾದರೆ ಒಂದೇ ಸಾಕು.

ಮೂರು: ಕೆಲವು ಲಸಿಕೆ ಕೆಲವರಿಗೆ ಮಾತ್ರ. ಆಸ್ಪತ್ರೆಯಲ್ಲಿ ದುಡಿಯುವವರಿಗೆ ಹೆಪಟೈಟಿಸ್ ಬಿ ಉಂಟು. ಹಜ್ ಯಾತ್ರಿಕರಿಗೆ ಹೊರಡುವ ಮೊದಲು ಮಿದುಳುಜ್ವರದ ಲಸಿಕೆ ಉಂಟು. 2024ರಲ್ಲಿ ದೇಶದ ಆಯ್ದ ಜಿಲ್ಲೆಗಳಲ್ಲಿ ದೊಡ್ಡವರಿಗೂ ಬಿಸಿಜಿ ಹಾಕಿದರು. 60 ದಾಟಿದವರು, ಹಿಂದೆ ಕ್ಷಯ ಬಂದಿದ್ದವರು, ಕ್ಷಯರೋಗಿಯ ಜತೆ ಇದ್ದವರು, ಸಕ್ಕರೆ ಕಾಯಿಲೆಯವರು, ಬೀಡಿ ಸಿಗರೇಟು ಸೇದುವವರು, ತೀರ ಸೊರಗಿದವರು ಅದಕ್ಕೆ ಅರ್ಹರು. ಹೀಗೆ ಅರ್ಹರಾಗಿದ್ದೇವೆ ಎಂದು ಎಷ್ಟು ಜನರಿಗೆ ಗೊತ್ತಿತ್ತು?

ನಾಲ್ಕು: ಮುದುಕರಿಗೆ ಬೇಕಾದ ಫ್ಲೂ ಮತ್ತು ನ್ಯುಮೋನಿಯಾ ಲಸಿಕೆ ರಾಷ್ಟ್ರೀಯ ಕಾರ್ಯಕ್ರಮದಲ್ಲಿಲ್ಲ. ದುಡ್ಡಿದ್ದವರು ಹಾಕಿಸಿಕೊಳ್ಳುತ್ತಾರೆ, ಇಲ್ಲದವರು ಕೆಮ್ಮುತ್ತಾರೆ. ಇದನ್ನು ನಾವು ಕೇಳಿ ಪಡೆಯಬೇಕು.

ಈ ರಾಜ್ಯಕ್ಕೆ 1963ರಲ್ಲೇ ರಾಜ್ಯಭಾಷಾ ಕಾಯ್ದೆ ಬಂದಿದೆ. ಹಾಗಿದ್ದ ಮೇಲೆ ನಮ್ಮ ಬೇಡಿಕೆ ದೊಡ್ಡದೇನಲ್ಲ. ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದ ಬಾಗಿಲಲ್ಲಿ ಕನ್ನಡದ ಹಲಗೆ ಬರಲಿ. ಯಾವ ಲಸಿಕೆ, ಯಾರಿಗೆ, ಯಾವ ದಿನ, ಯಾವ ಕಾಗದ ಬೇಕು, ದುಡ್ಡು ಎಷ್ಟು ಎಂಬುದು ಅದರ ಮೇಲಿರಲಿ. ದುಡ್ಡಿಲ್ಲ ಎಂದಾದರೆ 'ಉಚಿತ' ಎಂದು ದಪ್ಪ ಅಕ್ಷರದಲ್ಲಿ ಬರೆಯಿರಿ. ಇನ್ನು ಮುಂದೆ ಜೀವ ಉಳಿಸುವ ಯಾವ ಪೋರ್ಟಲೇ ಬರಲಿ, ಮೊದಲ ದಿನವೇ ಅದರಲ್ಲಿ ಕನ್ನಡವಿರಬೇಕು. ಮೂರು ತಿಂಗಳ ಮೇಲೆ ಬರುವ ಕನ್ನಡ, ಸತ್ತವನ ಬಾಯಿಗೆ ಬಿಟ್ಟ ನೀರು!

ಗೆಳೆಯರೇ, ಇಂಗ್ಲಿಷ್ ನಾಮಫಲಕಕ್ಕೆ ಮಸಿ ಬಳಿದರೆ ಫೋಟೋ ಬರುತ್ತದೆ. ಅಜ್ಜಿಗೆ ಕನ್ನಡದಲ್ಲಿ ನಾಲ್ಕು ಸಾಲು ಓದಿ ಹೇಳಿದರೆ ಫೋಟೋ ಬರುವುದಿಲ್ಲ, ಆದರೆ ಜೀವ ಉಳಿಯುತ್ತದೆ. ನಿಮಗೆ ಇಂಗ್ಲಿಷ್ ಬರುತ್ತದೆ, ಒಳ್ಳೆಯದೇ ಆಯಿತು. ಅದನ್ನು ಕನ್ನಡಕ್ಕೆ ತಂದು ಊರಿಗೆ ಮುಟ್ಟಿಸಿ. ಇವತ್ತು ರಾತ್ರಿಯೇ ಮನೆಗೆ ಫೋನ್ ಮಾಡಿ ಇಷ್ಟನ್ನು ಹೇಳಿ. ನಾಳೆ ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನು ಕೇಳಿ ಪಟ್ಟಿ ಬರೆದು ತನ್ನಿ.

ಕಾಗದ ನಿಮ್ಮದು, ಅಚ್ಚು ನನ್ನದು. ಕೂಲಿ ಒಂದು ಪೈಸೆಯೂ ಬೇಡ.