ಊಟದ ಮನೆಯ ಹೊಸ್ತಿಲು

ನಾಸಿಕದ ಕಾಳಾರಾಮ ಮಂದಿರದೆದುರು 1930ರಲ್ಲಿ ಅಂಬೇಡ್ಕರರು ಆರಂಭಿಸಿದ ಸತ್ಯಾಗ್ರಹವನ್ನು ನಮ್ಮ ಸಂಘಗಳ ವೇದಿಕೆಯಲ್ಲಿ ಕೊಂಡಾಡುತ್ತೇವೆ. ಛತ್ರಪತಿ ಸಂಭಾಜಿನಗರ ಜಿಲ್ಲೆಯ ಪೈಠಣದಲ್ಲಿ ಸಂತ ಏಕನಾಥರು, ಪಿತೃಶ್ರಾದ್ಧಕ್ಕೆ ಸಿದ್ಧವಾಗಿದ್ದ ಅಡಿಗೆಯನ್ನು ಹಸಿದ ಅಸ್ಪೃಶ್ಯರಿಗೆ ತಮ್ಮ ಮನೆಯಲ್ಲೇ ಬಡಿಸಿದರೆಂಬ ಐತಿಹ್ಯವೂ ನಮಗೆ ಪ್ರಿಯ.

ಆದರೆ ಈ ಊರುಗಳ ಕನ್ನಡಿಗರು ಮನೆಯೂಟಕ್ಕೆ ಕರೆಯುವವರ ಪಟ್ಟಿಯನ್ನೊಮ್ಮೆ ನೋಡಿ! ‘ನಿಮ್ಮವರು ಯಾವ ಕಡೆಯವರು?’ ಎಂಬುದು ಜಿಲ್ಲೆಯನ್ನು ತಿಳಿಯುವ ಪ್ರಶ್ನೆಯಲ್ಲವೆಂದು ಕೇಳುವವರಿಗೂ ಗೊತ್ತು, ಉತ್ತರಿಸುವವರಿಗೂ ಗೊತ್ತು. ರಾಜ್ಯೋತ್ಸವದ ಪಂಕ್ತಿಯಲ್ಲಿ ಜೊತೆಗೆ ಕುಳಿತವರು ಹಬ್ಬದ ಹೋಳಿಗೆಗೆ ಬೇಡವಾಗುತ್ತಾರೆ. ಮಡಿ, ರುಚಿ, ರೂಢಿ ಎಂಬ ಸಬೂಬುಗಳನ್ನು ನಾನು ಒಪ್ಪಲಾರೆ. ಸಸ್ಯಾಹಾರವನ್ನೇ ಬಡಿಸಿ, ಬೇಡವೆಂದವರಾರು? ಸಹಭೋಜನ ಮಾತ್ರದಿಂದ ಜಾತಿ ಅಳಿಯದೆಂದು 1936ರಲ್ಲಿ ಅಂಬೇಡ್ಕರರೇ ಬರೆದರು. ನಾವಿನ್ನೂ ಆ ಸಹಭೋಜನದವರೆಗೂ ಬಂದಿಲ್ಲ. ಬರುವ ಯುಗಾದಿಗೆ ಅವರನ್ನು ಕರೆಯಿರಿ. ಅವರು ಕರೆದಾಗ ಹೋಗಿ ಉಣ್ಣಿರಿ.